ಹಳದಿ ದೀಪ

ಕ್ರೂ ನಿಲ್ದಾಣದಲ್ಲಿ ರೈಲು ಕೆಟ್ಟಿದೆ,
ಬದಲಿಗೆ ನನ್ನ ಬಸ್ಸು,
ರಾತ್ರಿ ಹನ್ನೊಂದೂಕಾಲು, ಸ್ಟೋಕ್‌ವರೆಗೆ.
ಸೋತವರು ಹತ್ತಿದರು, ನಲವತ್ತೊಂದು ಮಂದಿ,
ಕೆಂಪು ಕಪ್ಪು ಮಫ್ಲರು, ವಿನೆಗರ್ ವಾಸನೆ.
ಕಂಡಕ್ಟರಿಲ್ಲದ ಬಸ್ಸಿಗೆ ಎಷ್ಟೊಂದು ರೆಫರಿಗಳು!

ಹೊರಡುವ ಮೊದಲೇ ಮೈದಾನ ಹಾಸಿಯಾಯಿತು
ಮೂರನೇ ಸಾಲಿನ ಸೀಟಿನ ಮೇಲೆ:
ಎಣ್ಣೆ ಕುಡಿದ ಕಾಗದವೇ ಹುಲ್ಲು,
ಉದ್ದನೆಯ ನಾಲ್ಕು ಚಿಪ್ಸು ಎದುರಾಳಿ ಗೋಡೆ,
ಮುರುಟಿದ್ದೊಂದು, ನಮ್ಮ ಹುಡುಗ ಕೀರನ್,
ಚೆಂಡೆಂದರೆ ಅರ್ಧ ಚೀಪಿದ ಪೆಪ್ಪರ್‌ಮಿಂಟು.

"ನೋಡು, ಪಾಸು ಬಂದಾಗ ಇವನು ಇಲ್ಲಿ."
"ಇಲ್ಲಲ್ಲ, ಇಲ್ಲಿ."
"ಮೊಣಕಾಲು ಮುಂದಿತ್ತು."
"ಮೊಣಕಾಲಲ್ಲವೋ, ಅದರ ನೆರಳು!"
ಕ್ಲೈವ್ ಎಂಬವನು ಉಗುರಿನಿಂದ ಅಳೆಯುತ್ತಾನೆ,
ಎಳ್ಳಷ್ಟು ಅನ್ನುತ್ತಾನೆ ತನ್ನ ಭಾಷೆಯಲ್ಲಿ,
ಎಳ್ಳು ನನ್ನದು.
ಕನ್ನಡಿಯೊಳಗೆ ಅವರೆಲ್ಲ ಎಡಚರು.

ಧ್ವಜ ತಡವಾಗಿ ಎದ್ದಿತಂತೆ.
ಗೋಲಾಗಿ, ಅಪ್ಪಿಕೊಂಡು, ಯಾರದೋ ಟೋಪಿ ಹಾರಿ
ಆಮೇಲೆ,
ಮರೆತ ಕೊಡೆಯನ್ನು ನೆನೆದು ಎತ್ತಿಕೊಂಡವನ ಹಾಗೆ
ಎತ್ತಿದನಂತೆ ಲೈನ್ಸ್‌ಮನ್.

ಅಲ್ಲಿಂದ ಮಾತು ಕ್ಯಾಪ್ಟನ್ನಿನ ಕಡೆ ಹೊರಳಿತು.
ಹುಡುಗ ರೆಫರಿಯತ್ತ ನುಗ್ಗಿದ್ದಾನೆ, ಬಾಯಿ ತೆರೆದಿದೆ,
ಆಗಲೇ ಒಂದು ಹಳದಿ ಕಾರ್ಡು ಅವನ ಲೆಕ್ಕದಲ್ಲಿ.
ಗ್ಯಾಲಿಮೋರ್ ಓಡಿಬಂದು ಅಂಗೈಯಿಂದ
ಆ ಬಾಯಿ ಮುಚ್ಚಿ, ಹೆಗಲು ಹಿಡಿದು ತಿರುಗಿಸಿ,
ಒಂದು ಮಾತೂ ಆಡದೆ ತನ್ನ ಜಾಗಕ್ಕೆ ಹೋದ.

"ಇವನೆಂಥ ನಾಯಕ? ತೋಳಿಗೆ ಪಟ್ಟಿ ಕಟ್ಟಿದ್ದು
ಗಾಯಕ್ಕಾ?" ನದೀಮ್, ಇಪ್ಪತ್ತು ವರ್ಷದ ಸೀಸನ್ ಟಿಕೆಟ್ಟು.
"ಹಿಂದಿನವನಿದ್ದಿದ್ದರೆ ರೆಫರಿಯ ಕಿವಿ ತೂತಾಗುತ್ತಿತ್ತು."
"ತೂತಾಗಿ? ಆರು ಸಲ ಅವನು ಹೊರಗೆ ಹೋಗಿ ಕೂತ,
ಹತ್ತೇ ಜನ ಆಡಿದೆವು."
"ಆಡಿದೆವಂತೆ! ನಿನ್ನ ಹೊಟ್ಟೆ ನೋಡಿಕೊಂಡಿದ್ದೀಯಾ?"
ನಗು. ಮತ್ತೆ ಜಗಳ.

ನನಗೆ ಈ ಆಟ ಬಾರದು.
ಕಬಡ್ಡಿ ಗೊತ್ತು. ಸ್ಕೂಲಿನ ಹಿಂದೆ ಬೂದಿಯಲ್ಲಿ ಎಳೆದ ಗೆರೆ;
ಉಸಿರು ಕಡಿಯಿತೋ ಇಲ್ಲವೋ ಎಂದು ಪಿ.ಟಿ. ಟೀಚರು
ಬಾಯಿಯ ಹತ್ತಿರ ಕಿವಿ ತಂದು ಕೇಳುತ್ತಿದ್ದರು.
ಕಡಿದಿತ್ತು. ಕಡಿದಿಲ್ಲ ಅಂದರು.
ಗೆದ್ದೆವು. ಮೂವತ್ತು ವರ್ಷ, ಯಾರಿಗೂ ಹೇಳಿಲ್ಲ.

ಆಲ್ಸೇಜರ್ ದಾಟಿದ ಮೇಲೊಂದು ಸಿಗ್ನಲ್ಲು:
ಹಸಿರಿದ್ದದ್ದು ಹಳದಿ.
ಹೋಗಬಹುದಿತ್ತು. ನಿಲ್ಲಬಹುದಿತ್ತು.
ಬ್ರೇಕು ಒತ್ತಿದೆ.
ನಾಲ್ಕು ಡಿಫೆಂಡರು, ಕೀರನ್, ಪೆಪ್ಪರ್‌ಮಿಂಟು,
ಸಾಕ್ಷ್ಯವೆಲ್ಲ ಜಾರಿ ನನ್ನ ಸೀಟಿನ ಬುಡಕ್ಕೆ ಬಂತು.

ಒಂದು ಗಳಿಗೆ ಯಾರೂ ಉಸಿರೆತ್ತಲಿಲ್ಲ.
"ಹೋಗಬಹುದಿತ್ತು," ಅಂದ ಕ್ಲೈವ್.
"ಹಳದಿ ಅಂದರೆ ಹಳದಿ," ನದೀಮ್.
"ಬಸ್ಸಿನ ಮೂತಿ ಗೆರೆ ದಾಟಿತ್ತು, ನಾ ಕಂಡೆ."
"ಮೂತಿಯಲ್ಲ, ಚಕ್ರ ಲೆಕ್ಕ!"
ಕೆಂಪಾಗಿ ಮತ್ತೆ ಹಸಿರಾದರೂ
ಅರ್ಧ ಬಸ್ಸು ನನ್ನ ಪರ, ಅರ್ಧ ವಿರುದ್ಧ.
ಹೊರಟೆ, ಗ್ಯಾಲಿಮೋರನ ಹಾಗೆ, ತುಟಿ ಬಿಚ್ಚದೆ.

ಕಿಡ್ಸ್‌ಗ್ರೋವ್‌ನಲ್ಲಿ ಇಳಿದವಳು ಒಬ್ಬಳೇ,
ದಾರಿಯುದ್ದಕ್ಕೂ ಸುಮ್ಮನಿದ್ದ ಮುದುಕಿ. ಮಫ್ಲರಿಲ್ಲ,
ಕಂಕುಳಲ್ಲಿ ಥರ್ಮಾಸ್.
ಮೆಟ್ಟಿಲ ಮೇಲೆ ನಿಂತು, ನನಗಷ್ಟೇ ಕೇಳುವಂತೆ:
"ಧ್ವಜ ಹಿಡಿದವನು ನನ್ನ ಮಗ.
ಚಿಕ್ಕಂದಿನಿಂದ ಹಾಗೇ. ಉತ್ತರ ಗೊತ್ತಿದ್ದರೂ
ಕೈ ಎತ್ತೋದು ತಡ."

"ಸರಿ ಇತ್ತಾ?" ಎಂದೆ.
ಇಬ್ಬನಿ ಹೆಪ್ಪುಗಟ್ಟಿದ ಕಲ್ಲಿನ ಮೇಲೆ
ಜಾರದಂತೆ ಒಂದು ಹೆಜ್ಜೆಯಿಟ್ಟಳು.
"ನನ್ನ ಸೀಟು ಗೋಲಿನ ಹಿಂದೆ ಇತ್ತಮ್ಮ,
ಅಲ್ಲಿಂದ ಗೆರೆ ಕಾಣಲ್ಲ.
ನಾನು ಅವನನ್ನೇ ನೋಡ್ತಿದ್ದೆ."

ಬಾಗಿಲು ಮುಚ್ಚಿದೆ.
ಹಿಂದೆ ಯಾರೋ ಹೊಸ ಚಿಪ್ಸು ಜೋಡಿಸುತ್ತಿದ್ದರು.