ಗುರುತು ಅಳಿಸುವವಳು

ಬಿಳಿ, ಕೆಂಪು, ಬಿಳಿ:
ಬೆರಳಗಲದ ಮೂರು ಪಟ್ಟೆ
ಬೀಚ್ ಮರದ ತೊಗಟೆಯ ಮೇಲೆ.
ಮೂವತ್ತು ವರ್ಷದ ಹಿಂದೆ ಬಳಿದವಳೂ ಹೆದ್ವಿಕಾಳೇ.
ಮರ ದಪ್ಪಗಾದ ಹಾಗೆ
ಪಟ್ಟೆಯೂ ಹಿಗ್ಗಿದೆ.

ಹಿಮ ಕರಗುವಾಗ ಮರಳುಗಲ್ಲಿನ ಕಂಬವೊಂದು
ಮಗ್ಗುಲು ಬದಲಿಸಿತು.
ಕಮೆನಿತ್ಸೆ ಹೊಳೆ ಅದನ್ನು ಬಳಸಿಕೊಂಡು
ಏನೂ ಆಗಿಲ್ಲವೆಂಬಂತೆ ಹೋಗುತ್ತಿದೆ.
ದಾರಿ ಬಂದ್.

ಇವತ್ತು ಡಬ್ಬಿಯಲ್ಲಿ ಬೂದು ಬಣ್ಣ.
ತೊಗಟೆಗೆ ತೊಗಟೆಯದೇ ಬಣ್ಣ ಹಚ್ಚುವುದು
ಎಷ್ಟು ಕಷ್ಟ ನೋಡಿ,
ಒಂದು ಕಡೆ ಪಾಚಿ, ಒಂದು ಕಡೆ ಹೊಗೆ.
"ತೋರಿಸೋದು ಸಲೀಸಪ್ಪ,"
ಬ್ರಷ್ ಒರೆಸುತ್ತ ಅಂದಳು ಜೊತೆಗೆ ಬಂದ ಹುಡುಗನಿಗೆ,
"ತೋರಿಸಿದ್ದನ್ನ ವಾಪಸ್ ತಗೊಳ್ಳೋದು..."

ಹದಿನೇಳು ಮರ. ಲೆಕ್ಕ ಬರೆದಾಯಿತು.
ಹುಡುಗ ಹೊಸ ದಾರಿಯಲ್ಲಿ ಇಳಿದು ಬಸ್ಸು ಹಿಡಿದ.

ಕತ್ತಲಾಗುವ ಮುಂಚೆ
ಹಳೇ ಬಂಡೆಸಂದಿಯಲ್ಲಿ ಒಂಟಿ ಜಿಂಕೆ,
ಅದರ ಹಿಂದೆ
ಡಬ್ಬಿಯ ಸದ್ದು.