ಸೂಟು ಕಳೆಯದೆ

ಹನ್ನೊಂದು ರಾತ್ರಿ ಆ ದೀಪ ಹಳದಿಯಾಗಿಯೇ ಉಳಿಯಿತು.

ಸಾಬೂನಿನ ಡಬ್ಬಿಯಷ್ಟಿದೆ ಡ್ಯಾಕು.
ಅದರ ಮೂತಿಯಲ್ಲೊಂದು ಸಾಸಿವೆ ಗಾತ್ರದ ಬೆಳಕು:
ಬಿಳಿಯಾದರೆ ಹಾಡು ಇಡಿಯಾಗಿ ಬಂದಿದೆ,
ಹಳದಿಯಾದರೆ ದಾರಿಯಲ್ಲಿ ಯಾರೋ ಕೈ ಹಾಕಿದ್ದಾರೆ.

ನನಗೆ ತಿಳಿಯದ ವಿದ್ಯೆಯೇನಲ್ಲ.
ಇಪ್ಪತ್ತಾರು ವರ್ಷ ಎಪಿಎಂಸಿಯಲ್ಲಿ ಮೆಕ್ಕೆಜೋಳದ ತೂಕ ಬರೆದವನು,
ಚೀಲದ ಪಕ್ಕೆಗೆ ಕೊಕ್ಕೆ ಚುಚ್ಚಿ, ಹಿಡಿಕಾಳು ಉದುರಿಸಿಕೊಂಡು
ಇಡೀ ಲಾರಿಯ ಹಣೆಬರಹ ಹೇಳುವವರನ್ನು ನೋಡಿದವನು.
ಇಲ್ಲೂ ಅದೇ. ಸೆಕೆಂಡಿಗೆ ಒಂದು ಲಕ್ಷ ತೊಂಬತ್ತೆರಡು ಸಾವಿರ ಸಲ
ದನಿಗೆ ಕೊಕ್ಕೆ ಚುಚ್ಚುತ್ತಾರಂತೆ,
ಕಾಳು ಕಾಳನ್ನೂ ಬಂಗಾರದ ತಕ್ಕಡಿಯಲ್ಲಿ ತೂಗಿ
ಸಮುದ್ರದಾಚೆಯ ಯಾವುದೋ ಗೋದಾಮಿನಿಂದ ಕಳಿಸುತ್ತಾರಂತೆ.
ಅಷ್ಟು ದೂರ ಬಂದು, ಅಶೋಕ ರಸ್ತೆಯ ರೈಲ್ವೆ ಗೇಟು ದಾಟಿ
ಕೆ.ಟಿ.ಜೆ. ನಗರದ ನಮ್ಮ ಪಡಸಾಲೆ ಮುಟ್ಟುವಷ್ಟರಲ್ಲಿ
ನಲವತ್ತೆಂಟು ಸಾವಿರ.
ಮಿಕ್ಕಿದ್ದು ಸೂಟು.

ಯಾವ ದಲ್ಲಾಳಿ?
ಮೊದಲ ಗುಮಾನಿ ಬ್ಲೂಟೂತಿನ ಮೇಲೆ. ಕೆಲಸದಿಂದ ತೆಗೆದೆ.
ವೈಫೈ ಎರಡು ಗೋಡೆ ದಾಟಿ ಏದುಸಿರು ಬಿಡುತ್ತಿತ್ತು,
ಮಾಳಿಗೆಯಿಂದ ಕಿಟಕಿಗೆ ಹದಿನೆಂಟು ಮೀಟರ್ ನೀಲಿ ಕೇಬಲ್ ಎಳೆದೆ.
ಶಿವಲೀಲಾ ಅದರ ಮೇಲೆ ಟವೆಲ್ ಒಣಹಾಕಿದಳು.
‘ಹನ್ನೊಂದು ದಿನದಿಂದ ಆಯಮ್ಮ ಬಾಯಿ ತೆರಿತಾಳೆ,
ಹಾಡಾಕೆ ನೀವು ಬಿಡಲ್ರಿ.’

ಹನ್ನೆರಡನೆಯ ರಾತ್ರಿ ಸಿಕ್ಕಿಬಿದ್ದ,
ಹೊರಗಿನವನಲ್ಲ, ಹಳೇ ಲ್ಯಾಪ್‌ಟಾಪಿನೊಳಗೇ ಕೂತಿದ್ದ:
ಮೆಸೇಜಿನ ಟಿಂಗು, ಬ್ಯಾಟರಿಯ ಗೋಳು, ಆಯಮ್ಮನ ಷಡ್ಜ
ಎಲ್ಲವನ್ನೂ ಒಂದೇ ರಾಶಿಗೆ ಸುರಿದು, ಒಂದೇ ಸೇರಿನಲ್ಲಿ ಅಳೆದು ಕೊಡುವವನು.
ಒಂದು ಟಿಕ್ಕು ತೆಗೆದೆ. ರಸ್ತೆಯನ್ನೆಲ್ಲ ಹಾಡಿಗೇ ಬಿಟ್ಟುಕೊಟ್ಟೆ.
ಡ್ಯಾಕಿನ ಹೊಟ್ಟೆಯಲ್ಲಿ ಟಕ್ ಅಂದಿತು.
ಬಿಳಿ.

ಮೊದಲು ಕೇಳಿದ್ದು ತುಟಿ ಬಿಡಿಸಿದ ಅಂಟು ಸದ್ದು.
ತಂಬೂರಿಯ ಹಿಂದೆ ಯಾರೋ ಕುರ್ಚಿ ಸರಿಸಿದರು.
ತಬಲಾದವನ ಬೆರಳಲ್ಲಿ ಉಂಗುರವಿದೆ, ಪ್ರಮಾಣ ಮಾಡಿ ಹೇಳುತ್ತೇನೆ.
ಹಳದಿಯಲ್ಲೂ ಇದ್ದವೇನೋ ಇವೆಲ್ಲ.
ಆಗ ನಾನು ದೀಪ ನೋಡುತ್ತಿದ್ದೆ.
ಮಂದ್ರಕ್ಕಿಳಿದಾಗ ಮಾತ್ರ ಒಂದು ಝುರ್ರ್,
ನೊಣ ಕಾಗದದ ಮೇಲೆ ಸತ್ತ ಹಾಗೆ.
ಧ್ವನಿಮುದ್ರಣದ್ದೇ ತಪ್ಪು ಅಂದುಕೊಂಡೆ. ದುಡ್ಡು ಸುರಿದವನು ಇನ್ನೇನು ಅಂದುಕೊಂಡಾನು?

ಪಕ್ಕದ ಮನೆಯ ಭರಮೋಜಿ ಬಂದ, ಬೆಳಕೇಕೆ ಉರಿಯುತ್ತಿದೆ ಎಂದು.
ಕಾಟನ್ ಮಿಲ್ಲಿನ ಮಗ್ಗದ ಖಾತೆಯಲ್ಲಿ ಮೂವತ್ತೊಂದು ವರ್ಷ.
ಕುಕ್ಕರಿನ ಸೀಟಿ, ಗುಬ್ಬಿ, ಮೊಮ್ಮಗಳ ಗೆಜ್ಜೆ,
ಎಲ್ಲ ಮಿಲ್ಲಿನಲ್ಲೇ ಬಿಟ್ಟು ಮನೆಗೆ ಬಂದವನು.
ಅಳತೆ ಹಿಡಿದು ಇಟ್ಟಿದ್ದ ಕುರ್ಚಿಯಲ್ಲಿ ಕೂಡಲಿಲ್ಲ.
ನೇರ ಹೋಗಿ ಎಡಗಡೆಯ ಸ್ಪೀಕರಿನ ಬೆನ್ನಿಗೆ ಅಂಗೈ ಇಟ್ಟ,
ಜ್ವರ ನೋಡುವವನಂತೆ.
ಕಣ್ಣು ಮುಚ್ಚಿದ. ಕೈ ಒಂದು ಗೇಣು ಇಳಿಸಿದ.
‘ಕೆಳಗಿನ ಸ್ಕ್ರೂ ಸಡ್ಲೈತಿ. ಡ್ರೈವರ್ ಕೊಡ್ರಿ.’
ಅರ್ಧ ಸುತ್ತು.
ನೊಣ ಹಾರಿಹೋಯಿತು.

ಕೈ ತೆಗೆಯಲಿಲ್ಲ ಆಮೇಲೂ.
ಕೇಬಲ್ಲಿನ ಮೇಲಿನ ಟವೆಲ್ ಗಾಳಿಗೆ ಕಿಟಕಿ ಬಡಿಯುತ್ತಿತ್ತು,
ಮಂಡಕ್ಕಿ ಭಟ್ಟಿಯ ಕಡೆಯಿಂದ ಹೊಟ್ಟಿನ ಹೊಗೆ.
‘ಈಗ ಉಸಿರು ತಗಂಡ್ಲು’ ಅಂದ.
ತಗೊಂಡಿದ್ದಳು, ನಿಜ.
ನಿನಗೆ ಹೇಗೆ ಗೊತ್ತಾಯ್ತು ಎಂದು ಕೈಸನ್ನೆಯಲ್ಲಿ ಕೇಳಿದೆ.
‘ಕೈಯಾಗ ನಿಂತ್ಕಂತು.’

ಹಾಡು ಮುಗಿಯಿತು. ಚಪ್ಪಲಿ ಮೆಟ್ಟುತ್ತ ಬಾಗಿಲಲ್ಲಿ ನಿಂತ,
ಕಿವುಡರು ಮಾತಾಡುವಷ್ಟು ಗಟ್ಟಿಯಾಗಿ, ಬೀದಿಗೆಲ್ಲ ಕೇಳುವಂತೆ:
‘ನಾಳೆ ಯಾರಾದ್ರೂ ಗಂಡಸ್ರದ್ದು ಹಾಕ್ರಿ, ದಪ್ಪ ದನೀದು.
ಇದು ಬರೇ ಮೊಣಕೈತನಕ ಬಂತು.’