ತಿಂಗಳ ಮೊದಲ ಬುಧವಾರ

ತಿಂಗಳ ಮೊದಲ ಬುಧವಾರ ಹಗಲು ಹನ್ನೆರಡಕ್ಕೆ
ಅಗ್ನಿಶಾಮಕ ಠಾಣೆಯ ಕಂಬದ ಮೇಲೆ ಸೈರನ್ ಕೂಗುತ್ತದೆ.
ಯಾರೂ ತಲೆ ಎತ್ತುವುದಿಲ್ಲ.
ನಾಯಿಗಳು ಮಾತ್ರ ದನಿಗೂಡಿಸುತ್ತವೆ.
ನನ್ನ ಗಂಡ ಎಲ್ಡನ್ ಕೈಗಡಿಯಾರ ಸರಿಮಾಡಿಕೊಳ್ಳುತ್ತಿದ್ದ.
ಹತ್ತೊಂಬತ್ತು ವರ್ಷ ಆ ಗುಂಡಿ ಒತ್ತಿದವಳು ನಾನು.

ಆ ಸೋಮವಾರ ಒತ್ತಲಿಲ್ಲ.

ನಿಯಮದ ಹಾಳೆ ಗೋಡೆಯ ಮೇಲೆಯೇ ಇತ್ತು:
ಸುಳಿಗಾಳಿ ಕಂಡರೆ ಮಾತ್ರ ಕೂಗಿಸು.
ಬಂದದ್ದು ಸುಳಿಯಲ್ಲ.
ಸುತ್ತಲಿಲ್ಲ, ಬಳಸಲಿಲ್ಲ,
ಪಡುವಣದಿಂದ ನೆಟ್ಟಗೆ,
ನೇಗಿಲ ಸಾಲಿನ ಹಾಗೆ ನೆಟ್ಟಗೆ,
ಮುಕ್ಕಾಲು ಗಂಟೆ.
ಸಮುದ್ರಕ್ಕೆ ಸಾವಿರ ಮೈಲಿ ದೂರದ ಅಯೋವಾದಲ್ಲಿ
ಚಂಡಮಾರುತ ಎಂದರೆ
ಟೀವಿಯಲ್ಲಿ ಬೇರೆಯವರಿಗೆ ಆಗುವಂಥದು.
ಇದಕ್ಕೊಂದು ಹೆಸರಿದೆ ಎಂದು ತಿಳಿದದ್ದು ಒಂಬತ್ತನೆಯ ದಿನ,
ಕರೆಂಟು ಬಂದ ಮೇಲೆ. ಡೆರೇಚೊ.
ಸ್ಪ್ಯಾನಿಷಿನಲ್ಲಿ ನೆಟ್ಟಗೆ ಎಂದಂತೆ.

ಶಾಲೆಯ ಜಿಮ್ಮಿನಲ್ಲಿ ಸಭೆ,
ಕೋಟೆ ಕೊಳ್ಳೆಹೋದ ಮೇಲೆ ದಿಡ್ಡಿ ಬಾಗಿಲು ಹಾಕುವ ಸಭೆ.
ಜಿಲ್ಲೆಯ ಅಧಿಕಾರಿ ಪರದೆಯ ಮೇಲೆ ತೋರಿಸಿದ:
ಎಚ್ಚರಿಕೆ ಹೊರಟದ್ದು ಹನ್ನೆರಡು ಹದಿನಾಲ್ಕಕ್ಕೆ,
ಗಾಳಿ ಮುಟ್ಟಿದ್ದು ಹನ್ನೆರಡು ನಲವತ್ತಕ್ಕೆ.
ಇಪ್ಪತ್ತಾರು ನಿಮಿಷ ಕೊಟ್ಟಿದ್ದೆವು, ಎಂದ,
ಸಾಲ ಕೊಟ್ಟವನ ದನಿಯಲ್ಲಿ.

ಕೊಟ್ಟಿರಿ. ಯಾರ ಕೈಗೆ?
ಜೋಳದ ಗೋದಾಮಿನ ವೆಂಡೆಲ್ ಹ್ಲುಬೆಕ್ ಎದ್ದು ನಿಂತ:
"ಈ ಬೇಸಿಗೆ ನನ್ನ ಫೋನು ಮೂವತ್ತೊಂದು ಸಲ ಬಡಕೊಂಡಿದೆ.
ಮೂವತ್ತು ಸಲ ಬಿದ್ದದ್ದು ನಾಲ್ಕು ಹನಿ.
ಹುಲಿ ಬಂತು ಹುಲಿ ಅಂತ ಕೂಗಿದವರು ನೀವು,
ಓಡಿ ಬರಲಿಲ್ಲ ಅಂತ ನನ್ನನ್ನು ಬೈದರೆ ಹೇಗೆ?"
ಕೆಲವರು ನಕ್ಕರು. ಅವನ ಗೋದಾಮು ಈಗ
ತುಳಿದ ತಗಡಿನ ಲೋಟ.

ಇಮಾಕ್ಯುಲೇ ಹಿಂದಿನ ಬೆಂಚಿನಲ್ಲಿದ್ದಳು.
ಹಂದಿಮಾಂಸದ ಕಾರ್ಖಾನೆಯಲ್ಲಿ ರಾತ್ರಿ ಪಾಳಿ, ಹಗಲು ನಿದ್ದೆ.
ಫೋನು ಕಿರುಚಿದಾಗ ಮಗ ಓದಿ
ಕಿರುಂಡಿಯಲ್ಲಿ ಹೇಳಿದನಂತೆ: ನೆಲಮಾಳಿಗೆಗೆ ಇಳಿಯಬೇಕಂತೆ ಅಮ್ಮ.
ಅವರದು ಗಾಲಿ ಕಿತ್ತ ಟ್ರೇಲರ್ ಮನೆ.
"ನಾವು ನೆಲ ನೋಡಿದೆವು" ಅಂದಳು.
ಅಷ್ಟೇ ಅಂದಳು. ಅಧಿಕಾರಿ ಮುಂದಿನ ಚಿತ್ರಕ್ಕೆ ಹೋದ.

ಮೂರು ದಿನದ ನೀರು. ಟಾರ್ಚು. ಬ್ಯಾಟರಿ.
ನಮ್ಮ ಫ್ರಿಜ್ಜಿನ ಮೇಲೂ ಆ ಪಟ್ಟಿ ಅಂಟಿತ್ತು,
ಕುಂಬಳಕಾಯಿ ಆಕಾರದ ಅಯಸ್ಕಾಂತದ ಕೆಳಗೆ.
ಎಲ್ಲ ಇತ್ತು.
ಡಬ್ಬಿ ತೆರೆಯುವ ಯಂತ್ರ ಮಾತ್ರ ಕರೆಂಟಿನದು.
ಎಲ್ಡನ್ನನ ಆಮ್ಲಜನಕದ ಯಂತ್ರವೂ.
ಸಿಲಿಂಡರು ಎರಡು. ಒಂದೊಂದು ಐದು ಗಂಟೆ.
ಪಟ್ಟಿಯಲ್ಲಿ ಒಂಬತ್ತು ದಿನ ಇರಲಿಲ್ಲ.

ನಾನೂ ಏಳಬೇಕೆಂದಿದ್ದೆ.
ಕೇಳುವುದಿತ್ತು: ಗಾಳಿ ನೆಟ್ಟಗೆ ಬರುವಾಗ
ನಿಯಮ ಯಾಕೆ ಸುಳಿಯನ್ನೇ ಕಾಯುತ್ತಿತ್ತು?
ಆದರೆ ಬೆರಳು ನನ್ನದೇ. ಗುಂಡಿ ಗೇಣು ದೂರದಲ್ಲಿತ್ತು.
ಕಿಟಕಿಯಾಚೆ ಆಕಾಶ ಹಸಿರಾಗುವುದನ್ನು ನೋಡಿದ್ದೆ,
ಹಾಳೆಯನ್ನು ಇನ್ನೊಮ್ಮೆ ಓದಿದ್ದೆ.

ಇವತ್ತು ಬುಧವಾರ. ಹೊಸ ಕಂಬ, ಹೊಸ ಹಾಳೆ,
ಗುಂಡಿ ಒತ್ತಲು ಹೊಸ ಹುಡುಗ.
ಮೇಜಿನ ಮೇಲಿನ ಕೈಗಡಿಯಾರ ಎರಡು ನಿಮಿಷ ಹಿಂದಿದೆ.
ಕೂಗು ಎದ್ದಾಗ ನಾನು
ನೆಲಮಾಳಿಗೆಯ ಬಾಗಿಲ ತಿರುಗಣಿಗೆ ಎಣ್ಣೆ ಬಿಡುತ್ತಿದ್ದೆ.
ಇನ್ನೊಂದು ಬೀಗದಕೈ ಇಮಾಕ್ಯುಲೇಯ ಬಳಿ ಇದೆ.
ಮೆಟ್ಟಿಲು ಹನ್ನೊಂದು, ಎಣಿಸಿದೆ.
ಟ್ರೇಲರಿನಿಂದ ಇಲ್ಲಿಗೆ ಓಡಿದರೆ ನಾಲ್ಕು ನಿಮಿಷ.
ಅವಳ ಮಗ ಹೇಳುತ್ತಾನೆ, ಮೂರು.